ದನದ ಡಾಕ್ಟರ್ ಉತ್ತರ: ಕಾಫಿ ಬಣ್ಣದ ಗಂಜಲ, ನೀಲಿ ರಕ್ತದ ಏಡಿ

ಹೋದ ತಿಂಗಳು ಉಣುಗಿನ ಬಗ್ಗೆ ನಾಲ್ಕು ಸಾಲು ಬರೆದದ್ದೇ ತಡ, ಈ ಸಲ ಬಂದ ಕಾಗದಗಳಲ್ಲಿ ಮುಕ್ಕಾಲು ಪಾಲು ರಕ್ತದ ಪ್ರಶ್ನೆಗಳೇ. ನಾನು ದನದ ಡಾಕ್ಟರು. ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಕೊಟ್ಟಿಗೆಗಳಲ್ಲೇ ಕೆಲಸ ಮಾಡಿ ನಿವೃತ್ತನಾದವನು. ಹಾಗಾಗಿ ಮನುಷ್ಯರ ಪ್ರಶ್ನೆಗೂ ದನದ ಕಡೆಯಿಂದಲೇ ಉತ್ತರ ಬರುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಅರ್ಧ ಕಾಗದಗಳಲ್ಲಿ ‘ರಕ್ತ ಕೆಟ್ಟಿದೆಯಂತೆ’ ಅಂತ ಬರೆದಿದ್ದಾರೆ. ಈ ಮಾತು ಕೇಳಿದರೆ ನನಗೆ ಸ್ವಲ್ಪ ಸಿಟ್ಟು ಬರುತ್ತದೆ. ರಕ್ತ ಓಡಾಡುವ ವಸ್ತು. ಅದು ಎಲ್ಲಿ ಸೋರುತ್ತಿದೆ, ಎಲ್ಲಿ ತಡೆದು ನಿಂತಿದೆ, ಅದರೊಳಗೆ ಯಾರು ಹೊಕ್ಕಿದ್ದಾರೆ ಅಂತ ಕೇಳಿ. ‘ಕೆಟ್ಟಿದೆ’ ಅಂದುಬಿಟ್ಟರೆ ಹುಡುಕುವುದೇ ನಿಂತುಹೋಗುತ್ತದೆ.

ಡಾಕ್ಟ್ರೇ, ನಮ್ಮ ಎಚ್‌ಎಫ್ (ಹಾಲ್‌ಸ್ಟೀನ್ ಫ್ರೀಷಿಯನ್) ತಳಿಯ ಹಸು ಎರಡು ದಿನದಿಂದ ಮೇವು ಬಿಟ್ಟಿದೆ. ಮೈ ಸುಡುತ್ತಿದೆ. ಗಂಜಲ ಥೇಟ್ ಕಪ್ಪು ಕಾಫಿಯ ಬಣ್ಣ. ಪಕ್ಕದ ಮನೆ ಅಜ್ಜ, ರಕ್ತ ಕೆಟ್ಟು ಕೆಳಗೆ ಬರುತ್ತಿದೆ, ಕಿವಿ ತುದಿ ಕೊಯ್ದು ಸ್ವಲ್ಪ ರಕ್ತ ಬಿಡಿ ಅಂತಾರೆ. ಬಿಡಬಹುದಾ?
— ಕಾಫಿ ಬೆಳೆಗಾರರು, ಚಿಕ್ಕಮಗಳೂರು ತಾಲ್ಲೂಕು

ಬಿಡಬೇಡಿ. ನಿಮಗೆ ಫೋನ್‌ನಲ್ಲೇ ಉತ್ತರ ಹೇಳಿದ್ದೇನೆ, ಚಿಕಿತ್ಸೆಯೂ ಆಗಿದೆ. ಉಳಿದವರಿಗೂ ಬೇಕಾಗುತ್ತದೆ ಅಂತ ಇಲ್ಲಿ ವಿವರವಾಗಿ ಬರೆಯುತ್ತೇನೆ.

ಇದು ಬಹುಮಟ್ಟಿಗೆ ಉಣುಗು ತಂದ ಜ್ವರ. ಬೆಬೀಸಿಯಾ ಅಂತ ಒಂದು ಏಕಕೋಶ ಜೀವಿ ಇದೆ. ಉಣುಗು ಕಚ್ಚಿದಾಗ ಅದು ಹಸುವಿನ ರಕ್ತಕ್ಕೆ ಇಳಿಯುತ್ತದೆ. ಕೆಂಪು ರಕ್ತಕಣದ ಒಳಗೆ ಹೊಕ್ಕು, ಅಲ್ಲೇ ಎರಡಾಗಿ, ಕಣವನ್ನು ಒಡೆದು ಹೊರಗೆ ಬರುತ್ತದೆ. ಆಮೇಲೆ ಪಕ್ಕದ ಕಣ. ಒಡೆದ ಕಣಗಳಿಂದ ಹಿಮೋಗ್ಲೋಬಿನ್ ಎಂಬ ಕೆಂಪು ವಸ್ತು ರಕ್ತದ ನೀರಿಗೆ ಚೆಲ್ಲುತ್ತದೆ. ಅದು ಮೂತ್ರಪಿಂಡದಲ್ಲಿ ಸೋಸಿ ಗಂಜಲಕ್ಕೆ ಬರುತ್ತದೆ. ನೀವು ನೋಡಿದ ಕಾಫಿ ಬಣ್ಣ ಅದೇ. ಅಂದರೆ ಗಂಜಲದಲ್ಲಿ ಬರುತ್ತಿರುವುದು ಇಡೀ ರಕ್ತ ಅಲ್ಲ, ಒಡೆದ ರಕ್ತಕಣಗಳ ಬಣ್ಣ ಮಾತ್ರ.

ಇದನ್ನು ಮನೆಯಲ್ಲೇ ಗುರುತಿಸಬಹುದು. ಗಂಜಲವನ್ನು ಒಂದು ಗಾಜಿನ ಬಾಟಲಿಗೆ ಹಿಡಿದು ಒಂದೆರಡು ಗಂಟೆ ಅಲುಗಾಡಿಸದೆ ಇಡಿ. ಬಣ್ಣ ಮೇಲಿಂದ ಕೆಳಗಿನವರೆಗೂ ಒಂದೇ ಸಮ ಇದ್ದರೆ ಕಣಗಳು ಮೈಯೊಳಗೇ ಒಡೆದಿವೆ ಅಂತ ಅರ್ಥ. ಕೆಂಪು ತಳಕ್ಕೆ ಕೂತು ಮೇಲೆ ತಿಳಿಯಾದರೆ, ಮೂತ್ರದ ದಾರಿಯಲ್ಲಿ ಎಲ್ಲೋ ಗಾಯವೋ ಗಡ್ಡೆಯೋ ಇದ್ದು ರಕ್ತ ಸೋರುತ್ತಿದೆ. ಗುಡ್ಡದಲ್ಲಿ ಮೇಯುವ ದನ ಒಂದು ಜಾತಿಯ ಜರೀಗಿಡವನ್ನು ಬಹಳ ಕಾಲ ತಿಂದರೆ ಮೂತ್ರಕೋಶದಲ್ಲಿ ಹೀಗಾಗುತ್ತದೆ. ಅದರ ಕಥೆಯೇ ಬೇರೆ, ಔಷಧಿಯೂ ಬೇರೆ. ಇನ್ನು ಕರು ಹಾಕಿ ಎರಡು ಮೂರು ವಾರವಾದ, ಜ್ವರ ಇಲ್ಲದ, ಹಾಲು ಜಾಸ್ತಿ ಕೊಡುವ ಹಸುವಿನ ಗಂಜಲ ಕಾಫಿ ಬಣ್ಣವಾದರೆ ರಂಜಕದ (ಫಾಸ್ಫರಸ್) ಕೊರತೆ ಇರಬಹುದು. ಅದಕ್ಕೇ ಬರೀ ಬಣ್ಣ ನೋಡಿ ಇಂಜೆಕ್ಷನ್ ಕೊಡಿಸಬೇಡಿ. ಕಿವಿಯಿಂದ ಒಂದು ಹನಿ ರಕ್ತ ತೆಗೆದು ಗಾಜಿನ ಮೇಲೆ ಸವರಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಕಣದೊಳಗೆ ಜೋಡಿ ಹನಿಯಂಥ ಆಕಾರ ಕಾಣುತ್ತದೆ. ಆಗ ಖಾತ್ರಿ. ಅಜ್ಜನ ಮಾತು ಅಷ್ಟರಮಟ್ಟಿಗೆ ಸರಿ, ಒಂದು ಹನಿಗೆ!

ರಕ್ತ ಬಿಡಿಸುವುದು ಯಾಕೆ ತಪ್ಪು ಅಂದರೆ, ಈ ಹಸುವಿಗೆ ಇರುವ ಕಷ್ಟವೇ ಕಣ ಕಡಿಮೆಯಾಗಿರುವುದು. ಶ್ವಾಸಕೋಶದಿಂದ ಆಮ್ಲಜನಕ ಹೊತ್ತು ಮೈಯೆಲ್ಲ ಹಂಚುವುದು ಕೆಂಪು ಕಣಗಳು. ಡೇರಿಯ ಹತ್ತು ವ್ಯಾನ್‌ನಲ್ಲಿ ಆರು ಕೆಟ್ಟು ನಿಂತರೆ ಉಳಿದ ನಾಲ್ಕು ಎರಡು ಮೂರು ಟ್ರಿಪ್ ಹೊಡೆಯಬೇಕಲ್ವಾ? ಹಾಗೆ ಇರುವ ಕಣಗಳನ್ನೇ ಬೇಗ ಬೇಗ ತಿರುಗಿಸಲು ಹೃದಯ ಓಡುತ್ತದೆ. ಅಂಥ ಹಸುವಿನ ಎಡಗಡೆ ಮೊಣಕೈ ಹಿಂದೆ ಕಿವಿಯಿಟ್ಟರೆ ಸ್ಟೆಥಾಸ್ಕೋಪೇ ಬೇಡ, ಡಬಡಬ ಕೇಳುತ್ತದೆ. ಸುಸ್ತಾಗಿ ಮಲಗಿದ ದನವನ್ನು ಹೊಡೆದು ಎಬ್ಬಿಸಿ ಆಸ್ಪತ್ರೆಗೆ ನಡೆಸಿಕೊಂಡು ಬರುವವರಿದ್ದಾರೆ. ದಯವಿಟ್ಟು ಬೇಡ. ದಾರಿಯಲ್ಲೇ ಬೀಳುತ್ತದೆ. ಡಾಕ್ಟರನ್ನೇ ಕೊಟ್ಟಿಗೆಗೆ ಕರೆಸಿ.

ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ. ಮೊದಲು ಬಿಳಿಚುತ್ತದೆ, ಆಮೇಲೆ ಹಳದಿಯಾಗುತ್ತದೆ. ಒಡೆದ ಹಿಮೋಗ್ಲೋಬಿನ್ನಿನಿಂದ ಹಳದಿ ಬಣ್ಣದ ವಸ್ತು ಹುಟ್ಟುತ್ತದೆ. ಪಿತ್ತಜನಕಾಂಗ ಅದನ್ನು ಪಿತ್ತದ ಜೊತೆ ಹೊರಗೆ ಹಾಕುತ್ತದೆ. ಕೆಲಸ ಅತಿಯಾದಾಗ ಹಳದಿ ಮೈಗೆ ಹರಡುತ್ತದೆ. ನಮಗೆ ಕಾಮಾಲೆ ಆದಾಗಲೂ ಕಾಣುವುದು ಇದೇ ಹಳದಿ.

ಉಣುಗೇ ಈ ರೋಗ ಹರಡುತ್ತದೆ ಎಂದು 1893ರಲ್ಲಿ ಅಮೆರಿಕದ ಸ್ಮಿತ್ ಮತ್ತು ಕಿಲ್ಬೋರ್ನ್ ತೋರಿಸಿಕೊಟ್ಟರು. ಸೊಳ್ಳೆಯಿಂದ ಮಲೇರಿಯಾ ಬರುತ್ತದೆ ಅಂತ ರುಜುವಾತಾಗಿದ್ದು ಅದಾದ ಮೇಲೆ. ಅಂದರೆ ಕಚ್ಚುವ ಹುಳ ರೋಗ ತರುತ್ತದೆ ಎಂಬ ಪಾಠ ಡಾಕ್ಟರುಗಳಿಗೆ ಸಿಕ್ಕಿದ್ದು ದನಗಳಿಂದ. ಇದನ್ನು ಹೇಳಿಕೊಳ್ಳಲು ನನಗೆ ಸ್ವಲ್ಪ ಹೆಮ್ಮೆ. ಇನ್ನೊಂದು ವಿಚಾರ. ನಮ್ಮ ಮಲೆನಾಡು ಗಿಡ್ಡ ಈ ಜ್ವರವನ್ನು ಒಂದಿಷ್ಟು ತಡೆದುಕೊಳ್ಳುತ್ತದೆ. ಎಚ್‌ಎಫ್, ಜರ್ಸಿ ಬೇಗ ಮಲಗುತ್ತವೆ. ಬಯಲುಸೀಮೆಯಿಂದ ಹಸು ಕೊಂಡು ತಂದವರು ಮೊದಲ ಮಳೆಗಾಲ ಹುಷಾರಾಗಿರಿ.

ನಮ್ಮ ಹಸು ದಿನಕ್ಕೆ 15 ಲೀಟರ್ ಕೊಡುತ್ತದೆ. ಹಾಲು ರಕ್ತದಿಂದಲೇ ಆಗುವುದಂತೆ, ನಿಜವೇ? ಹಾಗಾದರೆ ಅದರ ಮೈಯಲ್ಲಿ ಎಷ್ಟು ರಕ್ತ ಇರುತ್ತದೆ?
— ಹಾಲು ಉತ್ಪಾದಕ ಮಹಿಳೆ, ಚನ್ನರಾಯಪಟ್ಟಣ

ನಿಜ ತಾಯಿ. ರಕ್ತವೇ ಹಾಲಾಗುವುದಿಲ್ಲ, ರಕ್ತ ತಂದುಕೊಟ್ಟ ಸಾಮಾನಿನಿಂದ ಕೆಚ್ಚಲು ಹಾಲು ಮಾಡುತ್ತದೆ. ಒಂದು ಲೀಟರ್ ಹಾಲಿಗೆ 400ರಿಂದ 500 ಲೀಟರ್ ರಕ್ತ ಕೆಚ್ಚಲನ್ನು ಹಾದುಹೋಗಬೇಕು. ನಿಮ್ಮ ಹಸುವಿಗೆ ಲೆಕ್ಕ ಹಾಕಿ. 500ರಂತೆ ಹಿಡಿದರೆ 15 ಲೀಟರಿಗೆ 7,500 ಲೀಟರ್. ಆದರೆ 400 ಕೆ.ಜಿ. ತೂಗುವ ಹಸುವಿನ ಮೈಯಲ್ಲಿ ಇರುವ ರಕ್ತ ಬರೀ 22–24 ಲೀಟರ್! ಅಷ್ಟೇ ರಕ್ತ ಹಗಲು ರಾತ್ರಿ ಸುತ್ತುತ್ತಲೇ ಇರುತ್ತದೆ. ಮನುಷ್ಯರಲ್ಲಿ ಸುಮಾರು 5 ಲೀಟರ್. ಸುಮ್ಮನೆ ಕೂತಿದ್ದಾಗಲೂ ಹೃದಯ ನಿಮಿಷಕ್ಕೆ ಹತ್ತಿರ ಹತ್ತಿರ 5 ಲೀಟರ್ ತಳ್ಳುತ್ತದೆ.

ಹಸುವಿನ ಹೊಟ್ಟೆಯಡಿ ಕೆಚ್ಚಲಿನಿಂದ ಮುಂದಕ್ಕೆ ಹಾವಿನ ಹಾಗೆ ಅಂಕುಡೊಂಕಾಗಿ ಉಬ್ಬಿದ್ದು ಕಾಣುತ್ತದಲ್ಲ, ಹಾಲಿನ ನರ ಅಂತೀವಿ. ಅದರಲ್ಲಿ ಹಾಲಿಲ್ಲ. ಕೆಚ್ಚಲಿನಲ್ಲಿ ಕೆಲಸ ಮುಗಿಸಿದ ರಕ್ತ ಹೃದಯಕ್ಕೆ ಹಿಂದಿರುಗುವ ದಾರಿ ಅದು. ಸಂತೆಯಲ್ಲಿ ದಲ್ಲಾಳಿ ಮೊದಲು ಅದನ್ನೇ ಮುಟ್ಟಿ ನೋಡುವುದು ಸುಮ್ನೆ ಅಲ್ಲ. ಆದರೆ ಅದೊಂದನ್ನೇ ನೋಡಿ ದುಡ್ಡು ಕೊಡಬೇಡಿ, ಎರಡು ಹೊತ್ತು ಹಾಲು ಕರೆದು ನೋಡಿ.

ನೀವು ಕೇಳದ ಒಂದು ಮಾತನ್ನೂ ಹೇಳುತ್ತೇನೆ. ಕರು ಹಾಕಿದ ದಿನ ಚೆನ್ನಾಗಿದ್ದ ಹಸು ಮಾರನೇ ದಿನ ಕುತ್ತಿಗೆ ಪಕ್ಕೆಗೆ ತಿರುಗಿಸಿ ಮಲಗಿಬಿಡುತ್ತದೆ, ಕಿವಿ ತಣ್ಣಗಿರುತ್ತದೆ. ಹಾಲು ಜ್ವರ ಅನ್ನುತ್ತಾರೆ, ಜ್ವರ ಮಾತ್ರ ಇರುವುದಿಲ್ಲ. ಹಸುವಿನ ರಕ್ತದಲ್ಲಿ ಯಾವಾಗಲೂ ಓಡಾಡುವ ಕ್ಯಾಲ್ಸಿಯಂ ಒಟ್ಟು 2–3 ಗ್ರಾಂ ಅಷ್ಟೇ. 10 ಲೀಟರ್ ಗಿಣ್ಣುಹಾಲಿನಲ್ಲಿ 20 ಗ್ರಾಂ ಹೊರಗೆ ಹೋಗುತ್ತದೆ. ಮೂಳೆಯಿಂದ ಅಷ್ಟು ಬೇಗ ತುಂಬಿಕೊಳ್ಳಲು ಆಗದಿದ್ದರೆ ಸ್ನಾಯುಗಳೆಲ್ಲ ಸೋಲುತ್ತವೆ. ಕುತ್ತಿಗೆಯ ರಕ್ತನಾಳಕ್ಕೆ ಕ್ಯಾಲ್ಸಿಯಂ ಬಾಟಲಿ ಹಾಕಿದರೆ ಕಣ್ಣೆದುರೇ ಎದ್ದು ನಿಲ್ಲುತ್ತದೆ. ಮನೆಯವರು ಅಲ್ಲೇ ಕೈ ಮುಗಿಯುತ್ತಾರೆ. ಆದರೆ ಡಾಕ್ಟರು ಬಾಟಲಿಯನ್ನು ತೊಟ್ಟು ತೊಟ್ಟಾಗಿ ಬಿಡುತ್ತಿದ್ದರೆ ‘ಬೇಗ ಬಿಡಿ ಸಾರ್, ಡೇರಿಗೆ ಹೊತ್ತಾಯ್ತು’ ಅನ್ನಬೇಡಿ. ಹೃದಯವೂ ಸ್ನಾಯುವೇ. ಅದೇ ಕ್ಯಾಲ್ಸಿಯಂ ಒಮ್ಮೆಲೇ ಹೋದರೆ ಅದು ನಿಂತುಬಿಡಬಹುದು. ಒಂದು ಕೈಯಲ್ಲಿ ಬಾಟಲಿ, ಕಿವಿಯಲ್ಲಿ ಸ್ಟೆಥಾಸ್ಕೋಪ್, ಹಾಗೆ ಕೊಡುವ ಔಷಧಿ ಅದು.

ಏಡಿ ಸಾರಿಗೆ ಏಡಿ ಬಿಡಿಸುವಾಗ ಕೆಂಪು ರಕ್ತವೇ ಬರುವುದಿಲ್ಲ. ಜಿರಲೆ ಹೊಡೆದರೂ ಬಿಳಿ. ಇವಕ್ಕೆ ರಕ್ತ ಇಲ್ವಾ?
— ಗೃಹಿಣಿ, ಮೂಡಿಗೆರೆ

ಇದೆ. ಏಡಿಯ ರಕ್ತದಲ್ಲಿ ಕಬ್ಬಿಣದ ಬದಲು ತಾಮ್ರ ಇರುವ ವಸ್ತು ಆಮ್ಲಜನಕ ಹೊರುತ್ತದೆ. ಆಮ್ಲಜನಕ ಸೇರಿದಾಗ ತಿಳಿ ನೀಲಿ, ಇಲ್ಲದಾಗ ಬಣ್ಣವೇ ಇಲ್ಲ. ಗದ್ದೆ ಏಡಿಯ ಕಾಲು ಮುರಿದು ಬಿಳಿ ಪಿಂಗಾಣಿ ತಟ್ಟೆಯಲ್ಲಿಟ್ಟು ಸ್ವಲ್ಪ ಹೊತ್ತು ಬಿಟ್ಟು ನೋಡಿ. ಬೇಯಿಸಿದ ಮೇಲೆ ಬರುವ ಕೆಂಪು ಚಿಪ್ಪಿನದು, ರಕ್ತದ್ದಲ್ಲ.

ಜಿರಲೆಗೆ ಆಮ್ಲಜನಕ ಹೊರುವ ಕೆಲಸವನ್ನು ರಕ್ತಕ್ಕೆ ಕೊಟ್ಟೇ ಇಲ್ಲ. ಮೈ ಪಕ್ಕದಲ್ಲಿ ಸಣ್ಣ ತೂತುಗಳಿವೆ, ಅಲ್ಲಿಂದ ಕೊಳವೆಗಳಲ್ಲಿ ಗಾಳಿ ನೇರ ಒಳಗೆ ಹೋಗುತ್ತದೆ. ರಕ್ತ ಊಟ ಹಂಚುತ್ತದೆ ಅಷ್ಟೇ, ಅದಕ್ಕೆ ಕೆಂಪು ಯಾಕೆ ಬೇಕು? ಎರೆಹುಳುವಿಗೆ ಮಾತ್ರ ನಮ್ಮ ಹಾಗೆ ಕೆಂಪು ರಕ್ತ, ಮುಚ್ಚಿದ ನಾಳಗಳು. ಗೊಬ್ಬರದ ಗುಂಡಿ ತೋಡುವಾಗ ನೋಡಿರುತ್ತೀರಿ.

ಮಳೆಗಾಲದಲ್ಲಿ ತೋಟಕ್ಕೆ ಇಳಿದರೆ ಇಂಬಳ. ಕಚ್ಚಿದ್ದು ಗೊತ್ತೇ ಆಗುವುದಿಲ್ಲ, ಕಿತ್ತ ಮೇಲೆ ಗಂಟೆಗಟ್ಟಲೆ ರಕ್ತ. ಅದು ಕೆಟ್ಟ ರಕ್ತ ಕುಡಿಯುತ್ತದೆ, ಒಳ್ಳೆಯದೇ ಅಂತಾರಲ್ಲ?
— ತೋಟದ ರೈಟರ್, ಸಕಲೇಶಪುರ

ಅದಕ್ಕೆ ಒಳ್ಳೆ ರಕ್ತ, ಕೆಟ್ಟ ರಕ್ತ ಅಂತ ಆರಿಸುವ ಬುದ್ಧಿ ಇಲ್ಲ. ಸಿಕ್ಕಿದ್ದು ಕುಡಿಯುತ್ತದೆ. ಗಾಯವಾದಾಗ ನಮ್ಮ ರಕ್ತದಲ್ಲಿ ಒಂದರ ಹಿಂದೆ ಒಂದು ಕೆಲಸ ನಡೆದು ಕೊನೆಗೆ ನೂಲಿನಂಥ ಬಲೆ ಹೆಣೆದುಕೊಂಡು ಹೆಪ್ಪು ಕಟ್ಟುತ್ತದೆ. ಇಂಬಳವೂ ಜಿಗಣೆ ಜಾತಿಯದೇ. ಈ ಜಾತಿಯ ಎಂಜಲು ಈ ಸರಣಿಯನ್ನು ಮಧ್ಯದಲ್ಲೇ ತಡೆಯುತ್ತದೆ. ಜಿಗಣೆಯಲ್ಲಿ ಹೀಗೆ ಹೆಪ್ಪು ತಡೆಯುವ ವಸ್ತು ಇದೆ ಅಂತ 1884ರಲ್ಲೇ ಹೇಕ್ರಾಫ್ಟ್ ಎಂಬವರು ಕಂಡುಕೊಂಡರು. ನೀವು ಇಂಬಳ ಕಿತ್ತರೂ ಎಂಜಲು ಗಾಯದಲ್ಲಿ ಉಳಿದಿರುತ್ತದೆ. ಅದಕ್ಕೇ ಸೋರಿಕೆ. ಸೋಪು ನೀರಿನಲ್ಲಿ ಚೆನ್ನಾಗಿ ತೊಳೆದು, ಶುದ್ಧ ಬಟ್ಟೆ ಇಟ್ಟು ಹತ್ತು ಹದಿನೈದು ನಿಮಿಷ ಒತ್ತಿ ಹಿಡಿಯಿರಿ. ನಡುನಡುವೆ ಎತ್ತಿ ನೋಡಬೇಡಿ. ನಿಂತಿತಾ ಅಂತ ನೋಡುವ ಚಪಲಕ್ಕೇ ಅರ್ಧ ಜನರ ರಕ್ತ ನಿಲ್ಲುವುದಿಲ್ಲ. ಹೃದಯದ ತೊಂದರೆಗೆ ರಕ್ತ ತೆಳುವಾಗುವ ಮಾತ್ರೆ ನುಂಗುವವರು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಆದರೆ ಜಿಗಣೆಗೆ ನಿಜವಾದ ಆಸ್ಪತ್ರೆ ಕೆಲಸವೂ ಇದೆ. ತುಂಡಾದ ಬೆರಳನ್ನು ಡಾಕ್ಟರು ಮತ್ತೆ ಜೋಡಿಸಿದಾಗ ರಕ್ತ ಒಳಗೆ ಬರುವ ನಾಳ ಬೇಗ ಸರಿಹೋಗುತ್ತದೆ, ಹಿಂದಿರುಗುವ ತೆಳು ನಾಳಗಳು ತಡ ಮಾಡುತ್ತವೆ. ಬಂದ ರಕ್ತ ಅಲ್ಲೇ ನಿಂತು ಬೆರಳು ಕಪ್ಪಾಗುತ್ತದೆ. ಆಗ ಸಾಕಿದ ಜಿಗಣೆಯನ್ನು ಬಿಡುತ್ತಾರೆ. ನಿಂತ ರಕ್ತವನ್ನು ಅದು ಎಳೆದು ತೆಗೆಯುತ್ತದೆ, ಅಷ್ಟರಲ್ಲಿ ಹೊಸ ನಾಳ ಬೆಳೆಯುತ್ತದೆ. 2004ರಲ್ಲಿ ಅಮೆರಿಕ ಸರ್ಕಾರವೇ ಇದಕ್ಕೆ ಒಪ್ಪಿಗೆ ಕೊಟ್ಟಿದೆ. ತೋಟದ ಇಂಬಳ ಹಿಡಿದು ಮನೆಯಲ್ಲಿ ಪ್ರಯೋಗ ಮಾಡಬೇಡಿ ಮತ್ತೆ.

ಡಾಕ್ಟರ್ ತಾತ, ನಮ್ಮ ಕೋಳಿಮರಿಯ ಎದೆ ಯಾಕೆ ಅಷ್ಟು ಜೋರಾಗಿ ಹೊಡೆದುಕೊಳ್ಳುತ್ತೆ? ಆನೆಗೂ ಹಾಗೇನಾ?
— ಎಂಟನೇ ಕ್ಲಾಸ್ ಹುಡುಗಿ, ಆಲೂರು

ಇಲ್ಲ ಪುಟ್ಟಿ, ಆನೆಯದು ನಿಧಾನ. ನಿಮಿಷಕ್ಕೆ 30ರ ಆಸುಪಾಸು. ಹಸುವಿನದು 60–70, ನಿನ್ನ ಅಪ್ಪನದು 72ರ ಹತ್ತಿರ, ದೊಡ್ಡ ಕೋಳಿಯದು 250ರ ಮೇಲೆ, ಇಲಿಮರಿಯಂಥ ಸಣ್ಣ ಪ್ರಾಣಿಯದು 500 ದಾಟುತ್ತದೆ. ಮೈ ಸಣ್ಣದಾದಷ್ಟೂ ಬಿಸಿ ಬೇಗ ಆರಿಹೋಗುತ್ತದೆ. ಬಿಸಿ ಉಳಿಸಿಕೊಳ್ಳಲು ಊಟ, ಆಮ್ಲಜನಕ ಎರಡೂ ಬೇಗ ಬೇಗ ಬೇಕು. ಕೋಳಿಗೂ ಆನೆಗೂ ನಿನಗೂ ಹೃದಯದಲ್ಲಿ ನಾಲ್ಕೇ ಕೋಣೆ. ಕಪ್ಪೆಗೆ ಮೂರು, ಮೀನಿಗೆ ಎರಡು. ಹಸುವಿನ ಹೃದಯದೊಳಗೆ ಎರಡು ಪುಟ್ಟ ಮೂಳೆಗಳಿವೆ ಗೊತ್ತಾ? ನಿನ್ನ ಹೃದಯದಲ್ಲಿ ಇಲ್ಲ.

ನಿಮ್ಮ ಅಜ್ಜನ ಕೈ ಮೇಲೆ ಹಸಿರು ಗೆರೆಗಳು ಉಬ್ಬಿದ್ದರೆ ಒಂದು ಆಟ ಆಡು. ಒಳಗಿನ ರಕ್ತ ಕಡುಗೆಂಪೇ, ಚರ್ಮದ ಮೂಲಕ ಹಾಗೆ ಕಾಣುತ್ತದೆ. ಒಂದು ಗೆರೆಯ ಮೇಲೆ ಬೆರಳು ಒತ್ತಿ ಹಿಡಿ. ಇನ್ನೊಂದು ಬೆರಳಿನಿಂದ ಅಲ್ಲಿಂದ ಭುಜದ ಕಡೆಗೆ ರಕ್ತವನ್ನು ಒತ್ತಿ ತಳ್ಳಿ, ಆ ಎರಡನೇ ಬೆರಳು ತೆಗೆ. ಗೆರೆ ಒಂದಷ್ಟು ದೂರ ಖಾಲಿಯಾಗಿಯೇ ಉಳಿಯುತ್ತದೆ. ಮೊದಲ ಬೆರಳು ತೆಗೆದ ಕೂಡಲೇ ತುಂಬುತ್ತದೆ. ಒಳಗೆ ಬಾಗಿಲುಗಳಿವೆ, ಅವು ರಕ್ತವನ್ನು ಹೃದಯದ ಕಡೆಗೆ ಮಾತ್ರ ಬಿಡುತ್ತವೆ. ರಕ್ತ ಸುತ್ತುತ್ತದೆ ಎಂದು 1628ರಲ್ಲಿ ಇಂಗ್ಲೆಂಡಿನ ವಿಲಿಯಂ ಹಾರ್ವೆ ಜಗತ್ತಿಗೆ ತೋರಿಸಿದಾಗ ಕೊಟ್ಟ ಸಾಕ್ಷಿಗಳಲ್ಲಿ ಇದೂ ಒಂದು. ಅದಕ್ಕೂ ಮೊದಲು ಪಿತ್ತಜನಕಾಂಗ ದಿನಾ ಹೊಸ ರಕ್ತ ಮಾಡುತ್ತದೆ, ಮೈ ಅದನ್ನು ಕುಡಿದು ಮುಗಿಸುತ್ತದೆ ಅಂತ ನಂಬಿದ್ದರು. ಹಾರ್ವೆ ಲೆಕ್ಕ ಹಾಕಿದರು. ಅರ್ಧ ಗಂಟೆಯಲ್ಲಿ ಹೃದಯ ತಳ್ಳುವ ರಕ್ತ ಇಡೀ ಮೈಯಲ್ಲಿರುವುದಕ್ಕಿಂತ ಜಾಸ್ತಿ ಆಗುತ್ತದೆ. ಅಷ್ಟು ಹೊಸದಾಗಿ ಹುಟ್ಟುವುದು ಸಾಧ್ಯವೇ ಇಲ್ಲ, ಅಂದಮೇಲೆ ಅದೇ ರಕ್ತ ತಿರುಗಿ ಬರುತ್ತಿರಬೇಕು. ಗಣಿತದ ಮೇಷ್ಟ್ರಿಗೆ ಹೇಳು, ಖುಷಿಪಡುತ್ತಾರೆ.

ಹಸುವಿನ ಗಂಗೆದೊಗಲು (ಕುತ್ತಿಗೆಯ ಕೆಳಗೆ ಜೋಲುವ ಚರ್ಮ) ಊದಿಕೊಂಡು ನೀರು ತುಂಬಿದಂತಿದೆ. ಹಸು ಇಳಿಜಾರು ಇಳಿಯಲು ಒಲ್ಲೆ ಅನ್ನುತ್ತದೆ, ನರಳುತ್ತದೆ.
— ರೈತರು, ಅರಸೀಕೆರೆ

ನಿಮ್ಮ ಹತ್ತಿರ ಮನೆ ಕಟ್ಟುವ ಕೆಲಸ ನಡೆದಿತ್ತಾ? ಈ ಪ್ರಶ್ನೆ ಮೊದಲು ಕೇಳುತ್ತೇನೆ. ದನ ಅಗಿಯದೆ ನುಂಗುತ್ತದೆ. ಸರಳು ಕಟ್ಟುವ ಬೈಂಡಿಂಗ್ ವೈರ್, ಮೊಳೆ ಹುಲ್ಲಿನ ಜೊತೆ ಹೊಟ್ಟೆಗೆ ಹೋಗುತ್ತದೆ. ಅದು ಬೀಳುವ ಜೇನುಗೂಡಿನಂಥ ಸಣ್ಣ ಹೊಟ್ಟೆ ಹೃದಯಕ್ಕೆ ತೀರಾ ಹತ್ತಿರ, ನಡುವೆ ತೆಳು ಪರದೆ ಮಾತ್ರ. ತಂತಿ ಚುಚ್ಚಿಕೊಂಡು ಮುಂದೆ ಹೋದರೆ ಹೃದಯದ ಸುತ್ತಲಿನ ಚೀಲದಲ್ಲಿ ಕೀವು. ಹೃದಯ ಅರಳಲು ಜಾಗ ಇಲ್ಲ, ಹಿಂದಿರುಗುವ ರಕ್ತ ಒಳಗೆ ಬರಲು ಆಗದೆ ನಿಲ್ಲುತ್ತದೆ. ಕುತ್ತಿಗೆಯ ನಾಳ ಹಗ್ಗದಂತೆ ಉಬ್ಬುತ್ತದೆ, ನಾಳದಿಂದ ನೀರು ಜಿನುಗಿ ಗಂಗೆದೊಗಲಿಗೆ ಇಳಿಯುತ್ತದೆ. ಅಲ್ಲಿ ಚುಚ್ಚಿ ನೀರು ತೆಗೆಸಿದರೆ ಏನೂ ಉಪಯೋಗವಿಲ್ಲ.

ಊತ ಬಂದಿದ್ದರೆ ತಡವಾಗಿದೆ, ಸುಳ್ಳು ಭರವಸೆ ಕೊಡಲಾರೆ. ಜಂತುಹುಳದಿಂದಲೂ ನೀರು ತುಂಬಬಹುದು, ಅದು ಸಾಮಾನ್ಯವಾಗಿ ಗಲ್ಲದ ಕೆಳಗೆ. ಹಾಸನದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ವಾಹನದಲ್ಲಿ ಕರೆದೊಯ್ದು ತೋರಿಸಿ. ಉಳಿದ ದನಗಳಿಗೆ ಡಾಕ್ಟರ ಹತ್ತಿರ ಆಯಸ್ಕಾಂತ ನುಂಗಿಸಿ. ಅದು ಆ ಹೊಟ್ಟೆಯಲ್ಲೇ ಕೂತು ತಂತಿಯನ್ನು ಹಿಡಿದಿಟ್ಟುಕೊಳ್ಳುತ್ತದೆ.

ಹಸುವಿಗೂ ಬ್ಲಡ್ ಗ್ರೂಪ್ ಇದೆಯೇ? ರಕ್ತ ಕೊಡಿಸಬಹುದೇ?
— ಪಿಯುಸಿ ವಿದ್ಯಾರ್ಥಿ, ಕಡೂರು

ಇದೆ, ನಮಗಿಂತ ಜಾಸ್ತಿ ಗೋಜಲು. 11 ಗುಂಪಿನ ವ್ಯವಸ್ಥೆಗಳಿವೆ. ಆದರೂ ಮೊದಲ ಸಲ ಇನ್ನೊಂದು ಹಸುವಿನ ರಕ್ತ ಕೊಟ್ಟರೆ ಸಾಮಾನ್ಯವಾಗಿ ತೊಂದರೆಯಾಗುವುದಿಲ್ಲ. ಬೇರೆ ಗುಂಪಿನ ರಕ್ತದ ಮೇಲೆ ಬೀಳುವ ಪ್ರತಿಕಾಯ ಅವುಗಳಲ್ಲಿ ಹುಟ್ಟಿನಿಂದ ಅಷ್ಟಾಗಿ ಇರುವುದಿಲ್ಲ. ಎರಡನೇ ಸಲ ಅಪಾಯ. ಮನುಷ್ಯರಲ್ಲಿ ಗುಂಪು ಹೊಂದದಿದ್ದರೆ ಮೊದಲ ಸಲವೇ ಅಪಾಯ. ಯಾಕೆ ಅಂತ ಲ್ಯಾಂಡ್‌ಸ್ಟೈನರ್ 1901ರಲ್ಲಿ ಎ, ಬಿ, ಒ ಗುಂಪುಗಳ ಮೂಲಕ ಬಿಡಿಸಿ ಹೇಳಿದರು. ಪ್ರಾಣಿಯ ರಕ್ತ ಮನುಷ್ಯರಿಗೆ ಕೊಡುವ ಪ್ರಯತ್ನವೂ ಆಗಿತ್ತು. 1667ರಲ್ಲಿ ಫ್ರಾನ್ಸಿನ ಡೆನಿ ಎಂಬ ವೈದ್ಯರು ಕುರಿಮರಿಯ ರಕ್ತ ಕೊಟ್ಟರು. ಆಮೇಲೆ ಕರುವಿನ ರಕ್ತ ಪಡೆದ ಒಬ್ಬ ರೋಗಿ ಸತ್ತು, ಕೋರ್ಟಿಗೆ ಹೋಗಿ, ಇಡೀ ಪದ್ಧತಿಯೇ ನಿಂತಿತು. 18 ತುಂಬಿದ ಮೇಲೆ ನೀನೇ ರಕ್ತ ಕೊಡು. ಗಂಡಸರು ಮೂರು ತಿಂಗಳಿಗೊಮ್ಮೆ ಕೊಡಬಹುದು.

ಕೊಳಕುಮಂಡಲ ಕಚ್ಚಿದವರನ್ನು ಆಸ್ಪತ್ರೆಗೆ ಕರೆದೊಯ್ದರೆ, ನರ್ಸ್ ರಕ್ತ ತೆಗೆದು ಗಾಜಿನ ಟ್ಯೂಬಿನಲ್ಲಿಟ್ಟು ಸುಮ್ಮನೆ ಕಾಯುತ್ತಿದ್ದರು. ನಮಗೆ ಸಿಟ್ಟು ಬಂತು. ಅದೇನು?
— ಹೊಗೆಸೊಪ್ಪು ಬೆಳೆಗಾರರು, ಅರಕಲಗೂಡು

ಅವರು ಸುಮ್ಮನಿರಲಿಲ್ಲ. ಕೊಳಕುಮಂಡಲದ ವಿಷ ರಕ್ತ ಹೆಪ್ಪುಗಟ್ಟುವ ಸಾಮಾನನ್ನೆಲ್ಲ ಮೈಯೊಳಗೇ ಖರ್ಚು ಮಾಡಿಸಿಬಿಡುತ್ತದೆ. ಆಮೇಲೆ ಒಸಡು, ಮೂತ್ರ ಎಲ್ಲೆಂದರಲ್ಲಿ ರಕ್ತ. ಒಣ ಗಾಜಿನ ಟ್ಯೂಬಿನಲ್ಲಿ 2 ಮಿ.ಲೀ. ರಕ್ತವನ್ನು 20 ನಿಮಿಷ ಇಟ್ಟು ಓರೆ ಮಾಡುತ್ತಾರೆ. ಗಟ್ಟಿಯಾಗದೆ ಹರಿದರೆ ವಿಷ ಏರಿದೆ, ಪ್ರತಿವಿಷ ಬೇಕು. ಗಾಜೇ ಯಾಕೆ ಅಂದರೆ ಗಾಜು ತಾಗಿದರೆ ಆರೋಗ್ಯವಂತರ ರಕ್ತ ಹೆಪ್ಪುಗಟ್ಟಲು ಶುರುಮಾಡುತ್ತದೆ, ಪ್ಲಾಸ್ಟಿಕ್‌ನಲ್ಲಿ ತಡವಾಗುತ್ತದೆ. ಅದಕ್ಕೇ ಪ್ಲಾಸ್ಟಿಕ್ ಟ್ಯೂಬ್ ನಂಬುವಂತಿಲ್ಲ.

ಪ್ರತಿವಿಷವೂ ರಕ್ತದ್ದೇ. ಕುದುರೆಗೆ ಸ್ವಲ್ಪ ಸ್ವಲ್ಪ ವಿಷ ಕೊಟ್ಟು, ಅದರ ರಕ್ತದಲ್ಲಿ ಹುಟ್ಟಿದ ಪ್ರತಿಕಾಯವನ್ನು ಬೇರ್ಪಡಿಸಿ ಮಾಡುತ್ತಾರೆ. ನಮ್ಮಲ್ಲಿ ಸಿಗುವುದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ. ಕಾಫಿ ತೋಟದ ಹಸಿರು, ಕಂದು ಗುಳಿಮಂಡಲಗಳ ವಿಷಕ್ಕೆಂದು ಇದನ್ನು ಮಾಡಿಲ್ಲ. ಹಾಗಾಗಿ ಹಾವು ಹೇಗಿತ್ತು ಅಂತ ಡಾಕ್ಟರಿಗೆ ಹೇಳಿ, ಆದರೆ ಹಿಡಿಯಲು ಹೋಗಬೇಡಿ. ಗಾಯ ಕೊಯ್ಯಬೇಡಿ. ರಕ್ತ ಹೆಪ್ಪುಗಟ್ಟದ ಮನುಷ್ಯನಿಗೆ ಬ್ಲೇಡ್ ಹಾಕಿದರೆ ಆ ಗಾಯವೇ ಕೊಲ್ಲಬಹುದು. ಬಿಗಿಯಾಗಿ ಹಗ್ಗವನ್ನೂ ಕಟ್ಟಬೇಡಿ.

ಉಳಿದ ಕಾಗದಗಳಿಗೆ ಮುಂದಿನ ಸಂಚಿಕೆಯಲ್ಲಿ ಬರೆಯುತ್ತೇನೆ. ಹಸುವಿನ ಬಗ್ಗೆ ಕೇಳುವವರು ಎಷ್ಟನೇ ಕರು, ಹಾಕಿ ಎಷ್ಟು ದಿನವಾಯಿತು, ಜ್ವರ ಇದೆಯೋ ಇಲ್ಲವೋ ಇಷ್ಟನ್ನು ಮರೆಯದೆ ಬರೆಯಿರಿ. ಹಸುವಿನ ಫೋಟೋ ಕಳಿಸುವವರು ಮುಖದ ಫೋಟೋ ಒಂದನ್ನೇ ಕಳಿಸಬೇಡಿ.